ಭಾವನ ಕೆಂಪು ಚೀಟಿ

ನನ್ನ ಅಕ್ಕನ ಗಂಡನ ಮನೆಯಲ್ಲಿ ಒಂದು ಲೋಟ ಚಹಾ ಆಗಬೇಕಾದರೆ ಇಬ್ಬರು ಒಪ್ಪಬೇಕು ಎಂದರೆ ನೀವು ನಂಬುತ್ತೀರಾ? ಗ್ಯಾಸ್ ಸಿಲಿಂಡರ್ ಜೋಡಿಸುವವರು ಒಬ್ಬರು, ಸರಿಯಾಗಿ ಕೂತಿದೆಯೇ ಎಂದು ನೋಡುವವರು ಇನ್ನೊಬ್ಬರು. ಅಕ್ಕ ಎಲ್ಲೂರಿಗೆ ಹೋಗಿದ್ದ ಒಂದು ದಿನ ಸಿಲಿಂಡರ್ ಮುಗಿಯಿತು. ಭಾವ ಹೊಸದನ್ನು ಜೋಡಿಸಿ, ಅವಳು ಸಂಜೆ ಬಸ್ಸಿಳಿದು ಬರುವ ತನಕ ಚಹಾ ಇಲ್ಲದೆ ಅದರ ಎದುರೇ ಕೂತಿದ್ದರು!

ಗಲ್ಫಿನಲ್ಲಿ ವಿಮಾನ ರಿಪೇರಿ ಮಾಡುತ್ತಾ ಅರ್ಧ ಆಯುಷ್ಯ ಕಳೆದ ಮನುಷ್ಯ. ಬೇರೆಯವರು ಅಲ್ಲಿಂದ ಸೆಂಟು, ಕಂಬಳಿ ತಂದರು. ಇವರು ತಂದದ್ದು ಕೆಂಪು ಚೀಟಿಗಳ ಒಂದು ಕಟ್ಟು. ಕೆಟ್ಟ ವಸ್ತುವಿಗೆ ಅದನ್ನು ಕಟ್ಟಿದರೆ ಮತ್ತೆ ಯಾರೂ ಬಳಸುವ ಹಾಗಿಲ್ಲ. ಮಿಕ್ಸಿಗೆ ಕಟ್ಟಿದರು, ಏಣಿಗೆ ಕಟ್ಟಿದರು. ಕಡಿಯಾಳಿಯಲ್ಲಿ ಒಂದು ಮದುವೆಗೆ ಹೋದಾಗ ಬಾಡಿಗೆ ಕುರ್ಚಿಯ ಕಾಲಿಗೂ ಕಟ್ಟಿದರು. ಮದುಮಗನ ಸೋದರಮಾವನಿಗೆ ಅವಮಾನವಾಯಿತು, ಹಟಕ್ಕೆ ಅದರಲ್ಲೇ ಕೂತರು. ನೆಲದಿಂದ ಅವರನ್ನು ಎಬ್ಬಿಸುವಾಗ ಭಾವ ಮೊದಲು ತೋರಿಸಿದ್ದು ಚೀಟಿಯನ್ನು. ಕೈ ಕೊಟ್ಟದ್ದು ಆಮೇಲೆ.

ಈಗ ವಿಷಯಕ್ಕೆ ಬರುತ್ತೇನೆ. ಮಣಿಪಾಲದ ಡಾಕ್ಟರೊಬ್ಬರದು ಎರಡೇ ಸೀಟಿನ ಒಂದು ವಿಮಾನ ಉಂಟು. ಕಾರ್ಕಳದ ಹತ್ತಿರ ಬಯಲಿನ ಶೆಡ್ಡಿನಲ್ಲಿ ಇರುತ್ತದೆ, ನೋಡಿಕೊಳ್ಳುವವರು ನಮ್ಮ ಭಾವ. ಹಾರಿಸುವವರು ಹಿಡಿಯುವ ಕೋಲಿನಿಂದ ರೆಕ್ಕೆಯ ಹಿಂಬದಿಯ ಹಲಗೆಯ ತನಕ ಸರಳುಗಳು ಹೋಗುತ್ತವೆ. ಸರಳುಗಳು ಕೂಡುವಲ್ಲಿ ಬೋಲ್ಟು, ಅದರ ಸುತ್ತ ಬುಶ್ ಎಂಬ ಲೋಹದ ಬಳೆ. ಅವು ಸವೆದು ಕೂದಲೆಳೆಯಷ್ಟು ಸಡಿಲವಾಗಿದ್ದವು. ಕೋಲು ಅಲ್ಲಾಡಿಸಿದರೆ ರೆಕ್ಕೆಗೆ ಸುದ್ದಿ ಮುಟ್ಟುವುದು ತಡ!

ಇದೆಂತ ದೊಡ್ಡ ಕೆಲಸ ಎಂದೆ ನಾನು. ಕಾಪುವಿನಲ್ಲಿ ಕಬ್ಬಿಣ ಕಡೆಯುವ ನನ್ನದೊಂದು ಲೇತ್ ಉಂಟು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು, ಆದರೆ ಹೂಡೆಯಿಂದ ದೋಣಿಯವರು ಬುಶ್ ಮಾಡಿಸಲು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಅಳತೆ ತೆಗೆದು, ಒಂದು ಬುಶ್ ಕಡೆದು, ಕನ್ನಡಿಯ ಹಾಗೆ ಹೊಳೆಯಿಸಿ ಕೊಟ್ಟೆ. ಭಾವ ಅಳೆದರು, ತಿರುಗಿಸಿದರು, ಮತ್ತೆ ಅಳೆದರು.

"ಕೆಲಸ ಒಳ್ಳೆಯದುಂಟು. ಕಾಗದ ಎಲ್ಲಿ?"

"ಎಂತ ಕಾಗದ ಭಾವ? ಮಾಡಿದವನು ನಾನೇ ಎದುರು ನಿಂತಿದ್ದೇನಲ್ಲ."

"ಮಾಡಿದವನು ಗೊತ್ತುಂಟು ಮಾರಾಯ. ಈ ಕಬ್ಬಿಣ ಎಲ್ಲಿ ಹುಟ್ಟಿದ್ದು, ಇದರ ಅಪ್ಪ ಯಾರು, ನಿನಗೂ ಗೊತ್ತಿಲ್ಲ."

ಹಾಗೆ ಹೇಳಿ, ನನ್ನ ಬುಶ್‌ಗೆ ಕೆಂಪು ಚೀಟಿ ಕಟ್ಟಿಬಿಟ್ಟರು!

ಕಾಗದ ಇಲ್ಲ ಎಂಬ ಮಾತು ನನ್ನಂಥವನಿಗೆ ಎಲ್ಲಿ ನಾಟುತ್ತದೆ ಎಂದು ಬಿಡಿಸಿ ಹೇಳಬೇಕೇ? ಎರಡು ವಾರ ಆ ಕಡೆ ತಲೆ ಹಾಕಲಿಲ್ಲ. ಅಕ್ಕ ಕಳುಹಿಸಿದ ಬಂಗುಡೆ ಮೀನಿನ ಪುಳಿಮುಂಚಿ ಸಾರನ್ನೂ ಹಿಂದೆ ಕಳುಹಿಸಿದೆ. ಅದೊಂದಕ್ಕೆ ಮಾತ್ರ ಈಗಲೂ ಪಶ್ಚಾತ್ತಾಪ ಉಂಟು.

ಅಷ್ಟರಲ್ಲಿ ಕಾಗದಪತ್ರ ಸಮೇತ ಹೊಸ ಪಾರ್ಟುಗಳು ಬಂದವು. ಭಾವ ಅವನ್ನು ಹಾಕಿ, ಯಾರೂ ಮತ್ತೆ ಬಳಸಬಾರದೆಂದು ಹಳೆಯವನ್ನು ಗರಗಸದಲ್ಲಿ ಎರಡು ತುಂಡು ಮಾಡಿ, ನನಗೆ ಫೋನ್ ಮಾಡಿದರು. ಸರ್ಕಾರಿ ಲೆಕ್ಕದ ತಪಾಸಣೆ ಆಮೇಲೆ ಬೇರೆ ಆಗುತ್ತದಂತೆ. ಅದಕ್ಕೆ ಮೊದಲು ಭಾವನ ಸ್ವಂತ ಪುಸ್ತಕದಲ್ಲಿ ಎರಡನೆಯವರೊಬ್ಬರು ನೋಡಿ ಸಹಿ ಹಾಕಬೇಕಂತೆ.

"ಕಾಗದ ಇಲ್ಲದವನ ಕಣ್ಣು ನಡೆಯುತ್ತದಾ?" ಎಂದು ಕುಟುಕಿದೆ.

"ಕಾಗದ ಕೇಳಿದ್ದು ಕಬ್ಬಿಣಕ್ಕೆ. ನಿನಗಲ್ಲ. ಬಾ."

ಹೋದೆ. ತಪ್ಪು ಹುಡುಕಲೇಬೇಕೆಂದು ಹಟ ತೊಟ್ಟು ಹೋದೆ ಎಂದರೂ ಸುಳ್ಳಲ್ಲ. ಕೋಲಿನಿಂದ ರೆಕ್ಕೆಯ ತನಕ ಸರಳು ಕೂಡುವ ಒಂದೊಂದೇ ಜಾಗವನ್ನು ಬೆರಳಿನಿಂದ ಮುಟ್ಟುತ್ತಾ ಬಂದೆ. ಕೊನೆಯದಕ್ಕೆ ನಟ್ ಇತ್ತು, ನಟ್ ಬಿಚ್ಚಿಹೋಗದಂತೆ ತಡೆಯುವ ಸ್ಪ್ಲಿಟ್ ಪಿನ್ ಇರಲಿಲ್ಲ.

"ಭಾವ, ಇಲ್ಲಿ ಪಿನ್ ಇಲ್ಲ."

ನನ್ನನ್ನು ಪರೀಕ್ಷಿಸಲು ಬೇಕೆಂದೇ ಬಿಟ್ಟದ್ದು ಎನ್ನುತ್ತಾರೆಂದು ಕಾದೆ. ಅವರು ಬಗ್ಗಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಆ ಪಿನ್ ಕೆಳಗೆ ಪಾರ್ಟುಗಳ ತಟ್ಟೆಯಲ್ಲೇ ಬಿದ್ದಿತ್ತು. ಹೆಕ್ಕಲು ಹೋದ ಬೆರಳುಗಳು ನಡುಗುತ್ತಿದ್ದುದನ್ನು ನಾನು ಅವತ್ತೇ ಕಂಡದ್ದು.

ಭಾವ ಕಿಸೆಯಿಂದ ಕೆಂಪು ಚೀಟಿ ತೆಗೆದು, ತಮ್ಮದೇ ಅಂಗಿಯ ಗುಂಡಿಗೆ ಕಟ್ಟಿಕೊಂಡರು.

ಎರಡು ವಾರದಿಂದ ಸಿದ್ಧ ಮಾಡಿಟ್ಟ ಚುಚ್ಚುಮಾತುಗಳು ನನ್ನ ಹತ್ತಿರ ಎಷ್ಟಿದ್ದವು! ಅವನ್ನೆಲ್ಲ ಬದಿಗಿಟ್ಟು ಆ ಚೀಟಿಗೆ ಕೈ ಹಾಕಿದೆ.

"ಇದು ಕಟ್ಟಿದ್ದು ನೀವೊಬ್ಬರೇ," ಎಂದೆ. "ಎರಡನೆಯವ ನೋಡಬೇಡವಾ? ನಾನು ನೋಡಿ ಆಯಿತು. ಇದು ನಡೆಯುವುದಿಲ್ಲ ಭಾವ."

ಚೀಟಿ ಬಿಚ್ಚಿ ನನ್ನ ಕಿಸೆಗೆ ಹಾಕಿಕೊಂಡೆ. ಪಿನ್ ಅವರ ಕೈಯಲ್ಲೇ ಇಟ್ಟು, ಮಣಿಕಟ್ಟನ್ನು ಹಿಡಿದುಕೊಂಡೆ. ಪಿನ್ ತೂತಿನೊಳಗೆ ಹೋಯಿತು, ಅವರೇ ಅದರ ಎರಡೂ ಕಾಲು ಮಡಚಿದರು. ಆಮೇಲೆ ಪುಸ್ತಕದಲ್ಲಿ ಎರಡು ಸಹಿ ಬಿತ್ತು. ನನ್ನದು ಯಾವಾಗಿನ ಹಾಗೆ ಸೊಟ್ಟ. ಅವರದು ಅವತ್ತು ನನ್ನದಕ್ಕಿಂತ ಸೊಟ್ಟ.