ಭಾವ ಹೇಳಿದ ತೂತು

“ನಿನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ತಿ. ಆರು ತಿಂಗಳಲ್ಲಿ ನಮ್ಮಲ್ಲಿಗೇ ಬರ್ತಿ.”

ಎಪ್ಪತ್ತರ ದಶಕದಲ್ಲಿ ನಾನು ಬಿಜೈಯಲ್ಲಿ ಮಧ್ಯಾಹ್ನದ ಊಟದ ಮನೆ ತೆರೆದಾಗ ಅಕ್ಕನ ಗಂಡ ಹೀಗೆ ಹೇಳಿದರು. ಆಸರೆ ಕೇಳಿ ಭಾವನ ಮನೆಯ ಮೆಟ್ಟಿಲು ಮತ್ತೆ ಹತ್ತಬಾರದು, ಅದೊಂದೇ ನನ್ನ ಹಟ. ಆದರೆ ಕಟ್ಟಿಗೆ ಒಲೆಯನ್ನು ನಂಬಿದವಳಿಗೆ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ.

ಹಂಚಿನ ಸಂದು

ಮೊದಲು ಇದ್ದದ್ದು ಬಾಡಿಗೆಯ ಹಂಚಿನ ಮನೆ. ಅದಕ್ಕೆ ಹೊಗೆಗೂಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಾಗಿಲ ಸಂದಿನಿಂದ ಗಾಳಿ ಬರುತ್ತಿತ್ತು, ಹಂಚಿನ ಸಂದಿನಿಂದ ಹೊಗೆ ಹೋಗುತ್ತಿತ್ತು. ಒಂದು ದಿನ, ಪಕ್ಕದ ಮನೆಗೆ ಹೊಸದಾಗಿ ಬಂದ ಮೇಷ್ಟ್ರು ಹಂಚಿನ ಮಾಡಿನಿಡೀ ಹೊಗೆ ಕಂಡು, “ಬೆಂಕಿ, ಬೆಂಕಿ!” ಎಂದು ಏಣಿ ಹತ್ತಿ, ಹಂಚು ಸರಿಸಿ ಒಂದು ಕೊಡಪಾನ ನೀರು ಸುರಿದರು. ನೀರು ನೆಟ್ಟಗೆ ಸಾರಿನ ಪಾತ್ರೆಗೆ.

ಆ ದಿನ ಊಟಕ್ಕೆ ಬಂದವರಲ್ಲಿ ಒಬ್ಬರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ನನಗೆ ಬೇಸರವಾದದ್ದು ಅದಕ್ಕೇ.

ಯಾರು ಹೋದದ್ದು?

ಎಂಬತ್ತರ ಹೊತ್ತಿಗೆ ಸ್ವಂತ ಟೆರೇಸು ಮನೆ ಕಟ್ಟಿಸಿದೆ. ಅಡುಗೆಕೋಣೆಗೆ ಇಟ್ಟಿಗೆಯ ಹೊಗೆಗೂಡು, ತೆರೆಯಲಾಗದ ದೊಡ್ಡ ಗಾಜು, ಬಿಗಿಯಾದ ಬಾಗಿಲು. “ಇರುವೆ ಸಹ ಒಳಗೆ ಬರ್ಲಿಕ್ಕಿಲ್ಲ ಅಕ್ಕಾ” ಎಂದ ಬಾಗಿಲು ಕೂರಿಸಿದ ಆಚಾರಿ. ಇರುವೆ ಬರಲಿಲ್ಲ. ಗಾಳಿಯೂ ಬರಲಿಲ್ಲ. ಹೊಗೆ ಅರ್ಧ ದಾರಿಗೆ ಹೋಗಿ ವಾಪಸು ಬಂತು.

“ಗೋಡೆಗೆ ಕೆಳಗೊಂದು ತೂತು ಮಾಡು” ಎಂದರು ಭಾವ.

“ನನ್ನ ಹೊಸ ಗೋಡೆಗಾ?” ಎಂದೆ.

ಉಂಡವರೆಲ್ಲ ಕಣ್ಣೊರೆಸುತ್ತ ಹೊರಗೆ ಬರುವುದನ್ನು ಕಂಡ ದಾರಿಹೋಕರೊಬ್ಬರು ಚಪ್ಪಲಿ ಬಿಚ್ಚಿ ಮೆಲ್ಲನೆ ಒಳಗೆ ಬಂದರು. “ಯಾರು ಹೋದದ್ದು?”

“ಯಾರೂ ಹೋಗ್ಲಿಲ್ಲ ಮಾರಾಯ್ರೇ, ಹೊಗೆ ಸಹ ಹೋಗ್ಲಿಲ್ಲ.”

ಬೆಲ್ಲದ ಕಾಗದ

ವಿಚಿತ್ರವೆಂದರೆ, ಡಿಸೆಂಬರಿನ ತಂಪು ಬೆಳಿಗ್ಗೆ ಒಲೆ ಸ್ವಲ್ಪ ಮಾತು ಕೇಳುತ್ತಿತ್ತು. ಸೆಖೆಯ ಮಧ್ಯಾಹ್ನ ಹಟ ಹಿಡಿಯುತ್ತಿತ್ತು. ನಾನು ಶಾಲೆ ಕಂಡವಳಲ್ಲ, ಓದು ಕಲಿತದ್ದು ಸಾಮಾನು ಕಟ್ಟಿದ ಕಾಗದಗಳಲ್ಲಿ. ಒಮ್ಮೆ ಬೆಲ್ಲ ಕಟ್ಟಿದ ಪಾಠಪುಸ್ತಕದ ಹಾಳೆಯಲ್ಲಿ ಹೀಗಿತ್ತು: ‘ಹೊರಗಿನ ಗಾಳಿ ತಣ್ಣಗಿದ್ದಷ್ಟೂ ಹೊಗೆ ಸುಲಭವಾಗಿ ಮೇಲೇರುತ್ತದೆ. ಅದು ಹೊರಗೆ ಹೋಗಬೇಕಾದರೆ ಒಳಗೆ...’ ಅಲ್ಲಿಗೆ ಹರಿದಿತ್ತು.

ಅಂಗಡಿಗೆ ಓಡಿದೆ. “ಉಳಿದ ಹಾಳೆ ಉಂಟಾ?”

“ಬೆಲ್ಲ ತೆಗೊಳ್ಳಿ, ಬಂದರೂ ಬಂದೀತು.”

ಮೂರು ಕಿಲೊ ತೆಗೆದುಕೊಂಡೆ. ಬಂದದ್ದು ಕಪ್ಪೆಯ ಹೊಟ್ಟೆಯ ಚಿತ್ರ. ವಾರವಿಡೀ ಗಿರಾಕಿಗಳಿಗೆ ಪಾಯಸ.

ತೂತು

ಗಿರಾಕಿಗಳು ಕಡಿಮೆಯಾಗುತ್ತ ಬಂದರು. ಭಾವನ ಮನೆಯ ಮೆಟ್ಟಿಲು ಕಣ್ಣಮುಂದೆ ಬರತೊಡಗಿತು. ಆಗ ಅಕ್ಕ ಹಟ ಮಾಡಿ ಮಗಳ ನಿಶ್ಚಯದ ಊಟವನ್ನು ನನ್ನ ಊಟದ ಮನೆಯಲ್ಲೇ ಇಡಿಸಿದಳು. ನಲವತ್ತು ಎಲೆ. ಅದು ಕೆಟ್ಟರೆ ಬಾಗಿಲು ಹಾಕುವುದೇ.

ಏಪ್ರಿಲ್ ತಿಂಗಳು, ಮರದ ಎಲೆಯೂ ಅಲ್ಲಾಡದ ಸೆಖೆ. ಒಲೆ ಹೊತ್ತಿಸಿದ್ದೇ ಕೋಣೆಯಿಡೀ ಹೊಗೆ. ಬಾಗಿಲು ತೆರೆದೆ, ಹೊಗೆ ಸರಸರ ಮೇಲೇರಿತು. ಮುಚ್ಚಿದೆ, ಇಳಿದು ಬಂತು. ಹರಿದ ಹಾಳೆಯ ಉಳಿದರ್ಧ ಆಗ ತಲೆಗೆ ಹೊಳೆಯಿತು: ಒಳಗೆ ಗಾಳಿ ಬರಬೇಕು! ಆದರೆ ಆ ಬಾಗಿಲಾಚೆ ಬೀಗರು ಕೂತಿದ್ದರು, ತೆರೆದಿಡುವ ಹಾಗಿರಲಿಲ್ಲ. ಕಬ್ಬಿಣದ ಸಲಾಕೆ ಹಿಡಿದು ಹಿಂದಿನ ಗೋಡೆಯ ಬುಡದಿಂದ ಒಂದು ಕೆಂಪುಕಲ್ಲನ್ನು ಹೊರಕ್ಕೆ ತಳ್ಳಿದೆ. ಗಾಳಿ ನುಗ್ಗಿತು, ಒಲೆ ಉಸಿರೆಳೆಯಿತು. ಮರುಕ್ಷಣ ಮತ್ತೆ ಹೊಗೆ. ಬಗ್ಗಿ ನೋಡಿದರೆ ತೂತಿನ ತುಂಬ ಭಾವನ ಮುಖ.

“ಎಂತ ಮಾರಾಯ್ತಿ ಇದು?”

“ತೂತು, ಭಾವ.”

“ಯಾರು ಹೇಳಿದ್ದು?”

“ಬೆಲ್ಲದ ಕಾಗದ. ಮುಖ ತೆಗೀರಿ, ಅನ್ನ ಹೊಗೆ ಹಿಡೀತದೆ!”

“ನಾನು ಹೇಳಿದ್ದು ಸರಿ ಅಂತ ಹೇಳು, ತೆಗೀತೇನೆ.”

ಕಣ್ಣಿಂದ ನೀರು ಸುರಿಯುತ್ತಿತ್ತು. ಹೇಳಿದೆ.

“ಕೇಳ್ಲಿಲ್ಲ.”

ಬೀಗರಿಗೂ ಕೇಳುವ ಹಾಗೆ ಕಿರುಚಿದೆ.

ನಲವತ್ತು ಎಲೆಯೂ ಖಾಲಿಯಾಯಿತು, ಬೀಗರು ಸಾರು ಎರಡೆರಡು ಸಲ ಹಾಕಿಸಿಕೊಂಡರು. ಭಾವ ಈಗ ಇಲ್ಲ. ಒಲೆ ಹೋಗಿ ಗ್ಯಾಸು ಬಂದಿದೆ. ತೂತನ್ನು ಮುಚ್ಚಿಸಿಲ್ಲ. ಆ ಕಟ್ಟಡ, ಅಂಗಳ, ಹೊಗೆಗೂಡು ಎಲ್ಲವೂ ನನ್ನ ಹೆಸರಿನಲ್ಲೇ ಉಂಟು. ಅದನ್ನು ಉಳಿಸಿಕೊಳ್ಳಲು ತಗಲಿದ ಖರ್ಚು ‘ನೀವು ಹೇಳಿದ್ದು ಸರಿ’ ಎಂಬ ಆ ಒಂದು ಮಾತು. ಅದನ್ನೂ ಭಾವ ಎರಡು ಸಲ ವಸೂಲು ಮಾಡಿದರು.