ಭಾವನವರು ವಾಪಸು ಕಳಿಸಿದ ಸಾಮಾನುಗಳು

ನಮ್ಮ ಭಾವನವರನ್ನು ಮೆಚ್ಚಿಸಬಲ್ಲ ವ್ಯಾಪಾರಿ ಈ ಭರತಖಂಡದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ, ಭಾವನವರಿಂದ ಮೊದಲ ಫೋನು ಬಂದ ದಿನವೇ ಆತ ಹೆಸರು ಬದಲಿಸಿಕೊಂಡು ಬೇರೆ ದಂಧೆಗೆ ಇಳಿದಿರಬೇಕು! ಕಾನ್ಪುರದ ಚರ್ಮದವರು, ಚೆನ್ನೈಯ ಬಕಲ್ಲಿನವರು, ಮುಂಬಯಿಯ ಬಿಡಿಭಾಗದವರು ತಮ್ಮ ತಮ್ಮ ಮೊಬೈಲುಗಳಲ್ಲಿ ಭಾವನವರ ನಂಬರನ್ನು ಯಾವ ಹೆಸರಿನಲ್ಲಿ ಇಟ್ಟುಕೊಂಡಿದ್ದಾರೋ ನಾನರಿಯೆ. ಮರ್ಯಾದಸ್ಥರು ಓದುವ ಹೆಸರಂತೂ ಆಗಿರಲಾರದು.

ಭಾವನವರೆಂದರೆ ನನ್ನ ಅಕ್ಕನ ಯಜಮಾನರು. ತಲ್ಲೂರಿನಲ್ಲಿ ಮನೆ, ಮನೆಯ ಹಿಂದೆ ತಗಡಿನ ಮಾಡಿನ ಶೆಡ್ಡು, ಶೆಡ್ಡಿನೊಳಗೆ ಒಂದು ಹೊಲಿಗೆಯಂತ್ರ. ಇಪ್ಪತ್ತೆರಡು ವರ್ಷ ಮುಂಬಯಿಯ ಚರ್ಮದ ಚೀಲಗಳ ಕಾರ್ಖಾನೆಯೊಂದರಲ್ಲಿ ದುಡಿದರು. ವರ್ಷಕ್ಕೊಮ್ಮೆ ಹದಿನೈದು ದಿನ ಊರಿಗೆ ಬರುತ್ತಿದ್ದರು. ಕಾರ್ಖಾನೆ ಮುಚ್ಚಿದಾಗ, ತಾವು ಹೊಲಿಯುತ್ತಿದ್ದ ಯಂತ್ರವನ್ನೇ ಕೇಳಿ ಪಡೆದು, ಲಾರಿಯ ಮೇಲೇರಿಸಿ, ಅದರ ಪಕ್ಕದಲ್ಲೇ ಕುಳಿತು ತಲ್ಲೂರಿಗೆ ಬಂದಿಳಿದರು. ಈಗ ಅವರು ಹೊಲಿಯುವುದು ಒಂದೇ ಒಂದು ವಸ್ತುವನ್ನು: ಬಸ್ ಕಂಡಕ್ಟರರ ಹೆಗಲಚೀಲ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಓಡುವ ಖಾಸಗಿ ಬಸ್ಸುಗಳಲ್ಲಿ ಕಂಡಕ್ಟರರ ಹೆಗಲಿನಿಂದ ತೂಗುವ ಕಂದು ಚೀಲಗಳಲ್ಲಿ ಅನೇಕವು ಆ ಶೆಡ್ಡಿನಲ್ಲೇ ಹುಟ್ಟಿದವು.

"ಭಾವ, ನನಗೊಂದು ಪರ್ಸು ಹೊಲಿದುಕೊಡಬಾರದೆ?" ಎಂದು ನಾನೊಮ್ಮೆ ಕೇಳಿದ್ದುಂಟು.

"ಪರ್ಸ್ ಕಿಸಿಯಂಗೆ ಮನಿಕಂಡಿಪ್ದ್ ಮಾಷ್ಟ್ರೆ. ಚೀಲ ದುಡಿತ್ತ್. ನಾನ್ ಹೊಲುದ್ ದುಡಿವವ್ರಿಗ್ ಮಾತ್ರ" ಎಂದರು. ಮಾಸ್ತರಿಕೆಯನ್ನು ನಾನು ಬಿಟ್ಟು ವರ್ಷಗಳಾದರೂ ಅವರ ಬಾಯಲ್ಲಿ ನಾನು ಇಂದಿಗೂ ಮಾಷ್ಟ್ರೇ. ದುಡಿಯುವವರ ಪಟ್ಟಿಯಲ್ಲಿ ಮಾತ್ರ ನನ್ನ ಹೆಸರಿಲ್ಲ!

ಅವರಲ್ಲಿ ಚೀಲ ಹೊಲಿಸುವುದು ಸುಲಭವೆಂದು ತಿಳಿಯಬೇಡಿ. ಅಳತೆ ಕೊಡಲು ಬಂದ ಕಂಡಕ್ಟರ್ ಮೊದಲು ಅಂಗಳದಲ್ಲಿ ಪರೀಕ್ಷೆಗೆ ಕೂರಬೇಕು, ಅಲ್ಲ, ನಿಲ್ಲಬೇಕು. ಎರಡು ತೆಂಗಿನಕಾಯಿಗಳ ಮೇಲೆ ಅಡ್ಡಲಾಗಿ ಒಂದು ಹಲಗೆ. ಹಲಗೆಯ ಮೇಲೆ, ಹೆಗಲಿಗೆ ಹಳೆಯ ಚೀಲ ಹಾಕಿಕೊಂಡ ಕಂಡಕ್ಟರ್. ಹಲಗೆಯನ್ನು ಅಲುಗಾಡಿಸುವ ಚಾಲಕನ ಹುದ್ದೆ ನನ್ನದು. ಭಾವನವರು ದೂರದಲ್ಲಿ ನಿಂತು ತಿರುವಿಗೆ "ತಿರ್ಗಾಸ್!" ಎಂದೂ, ಮತ್ತೆ "ಹಂಪ್!", "ಬ್ರೇಕ್!" ಎಂದೂ ಕೂಗುತ್ತಾರೆ. ಆಗ ಚೀಲ ಹೊಟ್ಟೆಗೆ ಬರುತ್ತದೆಯೋ ಬೆನ್ನಿಗೆ ಹೋಗುತ್ತದೆಯೋ ಎಂಬುದನ್ನು ನೋಡಿ ಪಟ್ಟಿಯ ಉದ್ದವನ್ನು ನಿರ್ಧರಿಸುತ್ತಾರೆ. ಹಾಲಾಡಿ ಮಾರ್ಗದ ಹಿರಿಯ ಕಂಡಕ್ಟರೊಬ್ಬರು ಮೂರನೆಯ ಬ್ರೇಕಿಗೆ ಉರುಳಿ ದಾಸವಾಳದ ಗಿಡವನ್ನು ತಬ್ಬಿಕೊಂಡರು. ಎದ್ದು ಮಣ್ಣು ಕೊಡವಿಕೊಳ್ಳುತ್ತ ಅವರು ಹೇಳಿದ್ದು ಇಷ್ಟೇ:

"ಹ್ವಾಯ್, ಮೂವತ್ತ್ ವರ್ಷ ಬಸ್ಸಂಗೆ ಬೀಳ್ದವ ನಾನ್, ನಿಮ್ ಅಂಗ್ಳದಂಗೆ ಬಿದ್ನಲೆ ಮಾರ್ರೆ!"

"ಪಟ್ಟಿ ಎರಡ್ ಇಂಚ್ ಕಮ್ಮಿ ಆಯ್ಕ್" ಎಂದು ಭಾವನವರು ಬರೆದುಕೊಂಡರು.

ಗಿರಾಕಿಯನ್ನೇ ಹೀಗೆ ಪರೀಕ್ಷಿಸುವವರು ಸಾಮಾನನ್ನು ಬಿಟ್ಟಾರೆಯೆ? ನಮ್ಮದು ಉಪ್ಪುಗಾಳಿಯ ಊರು. ಹಿತ್ತಾಳೆಯೆಂದು ಹೇಳಿ ಕಳಿಸಿದ ಬಕಲ್ಲು ಎರಡು ತಿಂಗಳಲ್ಲಿ ತುಕ್ಕು ಕಾರಿ ಕಂಡಕ್ಟರರ ಬಿಳಿ ಬನಿಯನ್ನಿನ ಮೇಲೆ ನಕಾಶೆ ಬರೆಯುತ್ತಿತ್ತು. ವ್ಯಾಪಾರಿಗಳ ಮಾತನ್ನು ನಂಬುವುದನ್ನು ಬಿಟ್ಟ ಭಾವನವರು ತಮ್ಮದೇ ಒಂದು ಪರೀಕ್ಷೆಯನ್ನು ಕಂಡುಹಿಡಿದರು. ಅಕ್ಕನ ಅಡುಗೆಮನೆಯ ಮೂಲೆಯಲ್ಲಿ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟ ದೊಡ್ಡ ಭರಣಿಯೊಂದಿದೆಯಷ್ಟೆ? ಅದಕ್ಕಿಂತ ಉಪ್ಪಾದ ನೀರು ಅರಬ್ಬೀ ಸಮುದ್ರದಲ್ಲಿಯೂ ಸಿಗಲಾರದು. ಪ್ರತಿ ಕಂಪನಿಯ ಮಾದರಿ ಬಕಲ್ಲನ್ನು ಅಕ್ಕನಿಗೆ ತಿಳಿಯದಂತೆ ಅದರೊಳಗೆ ಹಾಕಿ, ತಿಂಗಳು ಕಳೆದ ಮೇಲೆ ತೆಗೆದು ನೋಡುವುದು!

ಈ ಸಂಶೋಧನೆ ಬಯಲಾದದ್ದು ನನ್ನ ಹಲ್ಲಿನಿಂದ. ಒಂದು ಮಧ್ಯಾಹ್ನ ಸೊಳೆಯ ಪಲ್ಯವನ್ನು ಬಾಯಿ ತುಂಬ ಇಟ್ಟು ಕಚ್ಚಿದೆ. ಹಲಸಿನ ಬೀಜ ಇಷ್ಟು ಗಟ್ಟಿಯೆ ಎಂದು ಬೆರಗಾಗಿ ಉಗುಳಿದರೆ, ತಟ್ಟೆಯ ಮೇಲೆ ಠಣ್ಣೆಂದು ಬಿದ್ದದ್ದು ಬಕಲ್ಲು. ಭಾವನವರು ಊಟ ಬಿಟ್ಟು ಧಾವಿಸಿದರು. ನನ್ನ ಹಲ್ಲನ್ನು ನೋಡಲಿಕ್ಕಲ್ಲ. ಬಕಲ್ಲನ್ನು ಬೆಳಕಿಗೆ ಹಿಡಿದು, "ಕಾಣಿ ಮಾಷ್ಟ್ರೆ, ಒಂಚೂರೂ ತುಕ್ಕಿಲ್ಲೆ! ಇದ್ ಅಸಲ್ ಹಿತ್ತಾಳಿ!" ಎಂದು ಕುಣಿದರು.

"ಇನ್ನೊಂದ್ ಸಲ ನನ್ನ್ ಭರಣಿ ಮುಟ್ರೆ ನಿಮ್ಮನ್ನೇ ಉಪ್ಪಿಗ್ ಹಾಕ್ತೆ!" ಎಂದಳು ಅಕ್ಕ.

ಚರ್ಮದ ವಿಷಯದಲ್ಲಿ ಇದಕ್ಕಿಂತ ಘೋರ. ಒಮ್ಮೆ ಕಾನ್ಪುರದಿಂದ ಎಮ್ಮೆಯ ಚರ್ಮದ ಸುರುಳಿ ಬಂತು. ಬಿಚ್ಚಿದರೆ ನಡುವೆ ಒಂದು ಉದ್ದನೆಯ ಗೀರು. ಮುಳ್ಳುತಂತಿ ತಾಗಿದ ಹಳೆಯ ಗಾಯವಿರಬೇಕು. ಭಾವನವರು ತಕ್ಷಣ ಫೋನು ಹಚ್ಚಿ ತಮ್ಮ ಮುಂಬಯಿ ಹಿಂದಿಯಲ್ಲಿ ಆರಂಭಿಸಿದರು: "ಭಾಯ್ ಸಾಬ್, ಯೇ ಭೈಂಸ್ ಬಾಡ್ ಕೂದ್‌ನೇವಾಲಾ ಹೈ!" ಬೇಲಿ ಹಾರುವ ಎಮ್ಮೆಯಂತೆ! ಶಿಸ್ತಿಲ್ಲದ ಎಮ್ಮೆಯ ಚರ್ಮದಲ್ಲಿ ಶಿಸ್ತಿನ ಚೀಲ ಹೊಲಿಯುವುದು ಹೇಗೆಂಬುದು ಅವರ ಪ್ರಶ್ನೆ. ಅತ್ತಲಿಂದ ಆ ಮನುಷ್ಯ, ಎಮ್ಮೆ ಈಗ ಬದುಕಿಲ್ಲವಾದ್ದರಿಂದ ಅದಕ್ಕೆ ಬುದ್ಧಿ ಹೇಳುವುದು ತನ್ನಿಂದಾಗದು ಎಂದನಂತೆ. ಸುರುಳಿ ವಾಪಸು ಹೋಯಿತು. ಅದರ ಜತೆಯಲ್ಲಿ ಒಂದು ಆಕ್ಷೇಪಣಾ ಪತ್ರವೂ ಹೋಯಿತು. ಪತ್ರ ಬರೆಯುವ ಕೆಲಸ ನನ್ನದು: ಭಾವನವರು ಕುಂದಾಪ್ರ ಕನ್ನಡದಲ್ಲಿ ಬೈಯುವುದನ್ನು ನಾನು ಸಭ್ಯ ಇಂಗ್ಲಿಷಿಗೆ ಇಳಿಸುವುದು, ಅವರು ಸಹಿ ಹಾಕುವುದು, ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುವುದು. ಆ ಪತ್ರಗಳಲ್ಲಿ ಅಳತೆ, ದೋಷ, ದೋಷವಿರುವ ಜಾಗ ಎಲ್ಲವೂ ಇರುತ್ತಿದ್ದವು. ಸುಳ್ಳೆಂಬುದು ಒಂದು ಅಕ್ಷರವೂ ಇರುತ್ತಿರಲಿಲ್ಲ.

ಹೀಗಿರುವಾಗ, ಕಳೆದ ಮಳೆಗಾಲದ ಕೊನೆಯಲ್ಲಿ, ಯಂತ್ರವೇ ಕೈಕೊಟ್ಟಿತು. ಅದರ ಮೋಟರಿನೊಳಗೆ ಕ್ಲಚ್ ಪ್ಲೇಟು ಎಂಬುದೊಂದು ತಟ್ಟೆಯಿದೆ. ಕಾಲಿನಿಂದ ಪೆಡಲನ್ನು ಮೆಲ್ಲಗೆ ಒತ್ತಿದರೆ ಸೂಜಿ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಓಡುವಂತೆ ಮಾಡುವುದು ಅದೇ. ಅದು ಸವೆದುಹೋಗಿ, ಯಂತ್ರ ಒಂದೋ ಸುಮ್ಮನಿರುತ್ತಿತ್ತು, ಇಲ್ಲವೇ ಹುಚ್ಚೆದ್ದು ಓಡುತ್ತಿತ್ತು. ಬಸ್ ಕಂಪನಿಯೊಂದಕ್ಕೆ ಹದಿನೈದು ಚೀಲಗಳನ್ನು ದೀಪಾವಳಿಯೊಳಗೆ ಕೊಡುತ್ತೇನೆಂದು ಭಾವನವರು ಒಪ್ಪಿಕೊಂಡದ್ದು ಅದಕ್ಕೆ ಒಂದು ವಾರ ಮೊದಲು!

ಹೊಸ ಬಗೆಯ ಮೋಟರು ಕುಂದಾಪುರದಲ್ಲೇ ಸಿಗುತ್ತದೆ, ಹಾಕಿಸಿಬಿಡಿ ಎಂದು ಎಲ್ಲರೂ ಹೇಳಿದರು.

"ಹೊಸ ಮೋಟ್ರ್ ಬಂದ್ರೆ ಮಿಷನ್ ಅದ್ರ್ ಮಾತ್ ಕೇಣ್ತ್. ಮತ್ತ್ ನನ್ನ್ ಮಾತ್ ಯಾರ್ ಕೇಂಬ್ದ್?" ಎಂದರು ಭಾವ.

"ಈಗ್ಳೂ ಯಾರೂ ಕೇಣ್ತಿಲ್ಲೆ!" ಎಂದು ಅಡುಗೆಮನೆಯಿಂದ ಉತ್ತರ ಬಂತು.

ಮುಂಬಯಿಯ ಅಂಗಡಿಯಿಂದ ಪ್ಲೇಟು ತರಿಸಲಾಯಿತು. ಮೊದಲನೆಯದು ಎಷ್ಟು ದೊಡ್ಡದಿತ್ತೆಂದರೆ ಅಕ್ಕ ಅದರ ಮೇಲೆ ಬಿಸಿ ಪಾತ್ರೆಯಿಟ್ಟು ನೋಡಿ ಮೆಚ್ಚಿಕೊಂಡಳು. ಎರಡನೆಯದು ಸಣ್ಣದು. ಮೂರನೆಯದರ ಸುತ್ತಳತೆ ಸರಿಯಿತ್ತು. ತೂತುಗಳು ಮಾತ್ರ ನಾಲ್ಕಿರಬೇಕಾದಲ್ಲಿ ಮೂರಿದ್ದವು. ಪ್ರತಿಸಲವೂ ನಾನು ಕಾಗದ, ಪೆನ್ನು ಹಿಡಿದು ಸಿದ್ಧನಾಗಿರುತ್ತಿದ್ದೆ. ಮೊದಲನೆಯದಕ್ಕೆ ಭಾವನವರು ಪೂರಾ ಒಂದು ಪುಟ ಬೈದರು. ಎರಡನೆಯದಕ್ಕೆ ಅರ್ಧ ಪುಟ. ಮೂರನೆಯದು ಬಂದ ದಿನ, ಕೈಯಲ್ಲಿ ಹಿಡಿದು ನೋಡಿ, "ಎಂತ ಬರುದ್ ಬ್ಯಾಡ ಮಾಷ್ಟ್ರೆ" ಎಂದು ಅದನ್ನು ಕಿಟಕಿಯ ಮೇಲಿಟ್ಟರು. ನಮ್ಮ ಭಾವ ಬೈಯುವುದನ್ನು ನಿಲ್ಲಿಸಿದ್ದನ್ನು ಕಂಡದ್ದು ನಾನು ಅದೇ ಮೊದಲು. ನಗುವುದೋ ಬಿಡುವುದೋ ತಿಳಿಯಲಿಲ್ಲ.

ಅಕ್ಕನ ತಾಳ್ಮೆ ಮುಗಿದದ್ದೂ ಅಂದೇ.

"ದೀಪಾವಳಿ ಒಳ್ಗೆ ಇದ್ ತಿರ್ಗದಿದ್ರೆ ಗುಜ್ರಿಗ್ ಹಾಕುದೇ. ನಾನ್ ಗುಜ್ರಿಯವ್ನಿಗ್ ಹೇಳಿಯೂ ಆಯ್ತ್. ಶೆಡ್ಡಂಗೆ ಕಾಯಿ ರಾಶಿ ಹಾಕ್ಲಕ್ಕ್" ಎಂದಳು. ಹೇಳಿದ್ದನ್ನು ಮಾಡದೆ ಬಿಟ್ಟ ಚರಿತ್ರೆ ನನ್ನ ಅಕ್ಕನಿಗಿಲ್ಲ. ಭಾವನವರು ಯಂತ್ರದ ಮೇಲಿನ ಧೂಳನ್ನು ಬನಿಯನ್ನಿನ ತುದಿಯಿಂದ ಒರೆಸಿದರು.

ಉಳಿದ ದಾರಿ ಒಂದೇ. ಬೆಲ್ಟನ್ನು ಕಳಚಿ, ಯಂತ್ರದ ಬಲಬದಿಯ ಚಕ್ರವನ್ನು ಕೈಯಿಂದ ತಿರುಗಿಸಿದರೆ ಸೂಜಿ ಒಂದೊಂದೇ ಹೊಲಿಗೆಯಾಗಿ ಇಳಿಯುತ್ತದೆ. ಆದರೆ ದಪ್ಪ ಚರ್ಮವನ್ನು ಎರಡು ಕೈಯಲ್ಲೂ ಬಿಗಿಹಿಡಿಯಬೇಕಾದ್ದರಿಂದ ಚಕ್ರಕ್ಕೆ ಇನ್ನೊಬ್ಬರ ಕೈ ಬೇಕು. ನಾನು ಮುಂದೆ ಬಂದೆ. ಅರ್ಧ ಗಂಟೆಯಲ್ಲಿ ಎರಡು ಸೂಜಿಗಳು ಮುರಿದವು.

"ಮಾಷ್ಟ್ರೆ, ನೀವ್ ಪಾಠ ಮಾಡ್ದಂಗೆ ತಿರ್ಗ್ಸ್ತ್ರಿ. ಹಿಂದ್ ಉಳ್ದವ್ರ್ ಕಡಿಗ್ ಕಾಂಬ್ದೇ ಇಲ್ಲೆ!"

ನನ್ನನ್ನು ಎಬ್ಬಿಸಿದವಳು ಅಕ್ಕ. "ಏಳ್ ಮಾರಾಯ. ಈ ಹದ್ನೈದ್ ಚೀಲ ಒಂದ್ ಮುಗಿಲಿ, ಮತ್ತ್ ಆ ಗುಜ್ರಿಯವ ತಕಂಡ್ ಹೋಯ್ಲಿ" ಎಂದು ಸ್ಟೂಲನ್ನು ಎಳೆದು ಕುಳಿತಳು.

ಮೊದಲ ದಿನದ ಸಂಭಾಷಣೆಯನ್ನು ನಾನು ಜಗಲಿಯಿಂದ ಕೇಳಿದೆ.

"ನಿಧಾನ!"

"ನಿಧಾನ ಅಂದ್ರೆ ಎಷ್ಟ್? ಗಂಟಿಗ್ ಒಂದ್ ಹೊಲ್ಗಿಯಾ?"

"ಮೂಲಿ ಬಂತ್, ನಿಲ್ಸ್!"

"ನಿಲ್ಸಿದೆ. ಕೂಗ್ಬೇಡಿ. ನಾನ್ ಕಂಡಕ್ಟ್ರ್ ಅಲ್ಲ."

ಎರಡನೆಯ ವಾರಕ್ಕೆ ಕೂಗಾಟ ತಗ್ಗಿತು. ಮೂಲೆ ಬಂದಾಗ ಹೇಳದೆಯೇ ಚಕ್ರ ನಿಲ್ಲುತ್ತಿತ್ತು. ಯಂತ್ರ ಅಷ್ಟು ಮೆಲ್ಲಗೆ ನಡೆಯುವಾಗ ಸದ್ದಿರುವುದಿಲ್ಲ; ಸದ್ದಿಲ್ಲದಲ್ಲಿ ಮಾತು ಬರುತ್ತದೆ. ಒಂದು ಮಧ್ಯಾಹ್ನ ಚಹಾದ ಲೋಟಗಳನ್ನು ಹಿಡಿದು ಶೆಡ್ಡಿನ ಬಾಗಿಲಿಗೆ ಹೋದವನು ಅಲ್ಲೇ ನಿಂತೆ.

"ಬೊಂಬಾಯಂಗೆ ನಿಮ್ಗ್ ಜ್ವರ ಗಿರ ಬಂದ್ರೆ ಗಂಜಿ ಯಾರ್ ಮಾಡ್ತಿದ್ರ್?"

"ಜ್ವರ ಬಪ್ಪುಕೆ ಪುರ್ಸೊತ್ತ್ ಎಲ್ಲಿದ್ದಿತ್ತ್?"

ಚಕ್ರ ಅರ್ಧ ಸುತ್ತಿನಲ್ಲಿ ನಿಂತಿತ್ತು.

"ಬತ್ತಿದ್ದಿತ್ತ್" ಎಂದರು ಭಾವ. "ಬ್ರೆಡ್ ತಿಂಬ್ದ್. ತಿರ್ಗ್ಸ್."

ಅಕ್ಕ ತಿರುಗಿಸಿದಳು. ಚಹಾ ಆರಿಹೋಯಿತು. ನಾನು ಅದನ್ನು ವಾಪಸು ತೆಗೆದುಕೊಂಡು ಹೋಗಿ ಬಿಸಿಮಾಡಿ ತಂದೆ.

ಹದಿನೈದು ಚೀಲಗಳೂ ದೀಪಾವಳಿಗೆ ಎರಡು ದಿನ ಮೊದಲೇ ಮುಗಿದವು. ಹೊಲಿಗೆಗಳನ್ನು ನಾನು ಅಳತೆಪಟ್ಟಿಯಿಟ್ಟು ನೋಡಿದೆ. ಮೋಟರು ಅಷ್ಟು ಸಮನಾಗಿ ಎಂದೂ ಹೊಲಿದಿರಲಿಲ್ಲ. ಮರುದಿನ ಗುಜರಿಯವನು ಗಾಡಿ ತಂದು ಅಂಗಳದಲ್ಲಿ ನಿಂತ.

"ಅಮ್ಮ, ಎಂತದೋ ಮಿಷನ್ ಇತ್ತ್ ಅಂದಿದ್ರಲ್ಲ?"

"ಯಾವ್ ಮಿಷನ್?" ಎಂದು ಅಕ್ಕ ಅವನನ್ನೇ ಗದರಿದಳು. "ಇದ್ ತಕಂಡ್ ಹೋಗ್!" ಎಂದು ಎರಡು ತುಕ್ಕುಹಿಡಿದ ಬಕೆಟ್ಟುಗಳನ್ನೂ, ತಪ್ಪಾಗಿ ಬಂದಿದ್ದ ಮೂರು ಕ್ಲಚ್ ಪ್ಲೇಟುಗಳನ್ನೂ ಗಾಡಿಗೆ ಹಾಕಿಸಿದಳು. ಅವು ಮುಂಬಯಿಯವರಿಗೆ ವಾಪಸು ಹೋಗಬೇಕಾದ ಸಾಮಾನು ಎಂದು ನಾನು ನೆನಪಿಸುವಷ್ಟರಲ್ಲಿ ಗಾಡಿ ಹೆದ್ದಾರಿ ಸೇರಿತ್ತು.

ಇಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ಆದರೆ ಮತ್ತೆರಡು ವಾರ ಕಳೆದು ಮುಂಬಯಿಯಿಂದ ನಾಲ್ಕನೆಯ ಪಾರ್ಸೆಲ್ಲು ಬಂತು. ಅಂಗಡಿಯವನಿಗೆ ನಾಚಿಕೆಯಾಗಿ ತಾನಾಗಿಯೇ ಕಳಿಸಿದ್ದನಂತೆ. ಆಗ ಶೆಡ್ಡಿನಲ್ಲಿ ಇನ್ನೊಂದು ಬಸ್ ಕಂಪನಿಯ ಚೀಲಗಳು ನಡೆಯುತ್ತಿದ್ದವು. ಸ್ಟೂಲು ತನ್ನ ಜಾಗದಲ್ಲೇ ಇತ್ತು. ಅಕ್ಕ ಪಾತ್ರೆ ತೊಳೆದು ಬರುವುದಿತ್ತು. ಪಾರ್ಸೆಲ್ಲನ್ನು ಬಿಚ್ಚಿದವನು ನಾನೇ. ಪ್ಲೇಟನ್ನು ಸವೆದ ಪ್ಲೇಟಿನ ಮೇಲಿಟ್ಟೆ. ಅಂಚಿಗೆ ಅಂಚು ಕೂಡಿತು. ತೂತುಗಳನ್ನು ಎಣಿಸಿದೆ: ನಾಲ್ಕು. ನಾಲ್ಕರ ಮೂಲಕವೂ ಬೆಳಕು ಕಂಡಿತು. ನನ್ನ ಹಲ್ಲಿಗೆ ಸಿಕ್ಕ ಬಕಲ್ಲನ್ನು ಬಿಟ್ಟರೆ ಇಷ್ಟು ವರ್ಷಗಳಲ್ಲಿ ಆ ಮನೆಗೆ ಬಂದ ಮೊದಲ ಸರಿಯಾದ ಸಾಮಾನು! ನಾನು ಸಂಭ್ರಮದಿಂದ ಭಾವನವರ ಕೈಗಿತ್ತೆ.

ಅವರು ಅದನ್ನು ತಿರುಗಿಸಿ ನೋಡಿದರು. ಬೆರಳಿನಿಂದ ಅಂಚನ್ನು ಸವರಿದರು. ಕಣ್ಣೆತ್ತದೆ ಹೇಳಿದರು:

"ಬರೀನಿ ಮಾಷ್ಟ್ರೆ. ಇದ್ ಆತಿಲ್ಲೆ."

"ಭಾವ, ಇದು ಸರಿಯಾಗಿಯೇ..." ಎಂದು ನಾನು ಬಾಯಿ ತೆರೆದೆ. ಅವರು ಸೂಜಿಗೆ ದಾರ ಪೋಣಿಸತೊಡಗಿದ್ದರು. ಆ ಸೂಜಿಯಲ್ಲಿ ದಾರ ಆಗಲೇ ಇತ್ತು.

ನಾನು ಕಾಗದ ತೆಗೆದೆ. ತಾವು ಕಳಿಸಿದ ಪ್ಲೇಟಿನ ಅಳತೆಯಲ್ಲಿ ಎರಡು ಮಿಲಿಮೀಟರಿನ ವ್ಯತ್ಯಾಸವಿದೆ ಎಂದು ಬರೆದೆ.

ಅಷ್ಟರಲ್ಲಿ ಅಕ್ಕ ಸೆರಗಿಗೆ ಕೈಯೊರೆಸಿಕೊಳ್ಳುತ್ತ ಒಳಗೆ ಬಂದಳು. ಮೇಜಿನ ಮೇಲಿದ್ದ ಎರಡು ಪ್ಲೇಟುಗಳನ್ನು ಕಂಡಳು. ಒಂದರ ಮೇಲೊಂದಿಟ್ಟಳು. ತಿರುಗಿಸಿದಳು, ಮಗುಚಿದಳು, ತೂತುಗಳಲ್ಲಿ ಇಣುಕಿದಳು. ಭಾವನವರ ಕಡೆ ಒಮ್ಮೆ ನೋಡಿದಳು. ಆಮೇಲೆ ಹೊಸದನ್ನು ಅದರ ಡಬ್ಬಿಯೊಳಗಿಟ್ಟು, ಮುಚ್ಚಳ ಮುಚ್ಚಿ, ನನ್ನ ಕಡೆ ಸರಿಸಿ, ಸ್ಟೂಲಿನ ಮೇಲೆ ಕುಳಿತು ಚಕ್ರಕ್ಕೆ ಕೈಯಿಟ್ಟಳು.

"ಬರ್ದಾಯ್ತಾ ತಮ್ಮ?"

"ಆಯ್ತಕ್ಕ. ಬೇರೆ ಕಳಿಸಿ ಎಂದು ಬರೆದಿದ್ದೇನೆ."

"ಅಡಿಯಂಗೆ ಇನ್ನೊಂದ್ ಮಾತ್ ಸೇರ್ಸ್" ಎಂದಳು. "ಅರ್ಜೆಂಟ್ ಎಂತ ಇಲ್ಲೆ ಅಂದ್ ಬರಿ."