ಸೀಗೆನೀರಿಗೆ ಬಂದ ಅಗ್ನಿಶಾಮಕ ದಳ

"ಒಂದು ಬೈಕನ್ನು ಚಳಿಗಾಲಕ್ಕೆ ಮಲಗಿಸೋಕೆ ವರ್ಕ್‌ಶಾಪ್ ಬೇಕಾ? ಕೆಮಿಸ್ಟ್ರಿ ಡಾಕ್ಟರೇಟ್ ಮನೇಲೇ ಇದೆ!"

ನಿರುಪಮಾ ಸ್ವೆಟರಿನ ತೋಳು ಮಡಚಿದ್ದು ಕಂಡು ಗಂಡ ತಿರುಮಲೇಶ ಮನದಲ್ಲೇ ಮನೆದೇವರಿಗೆ ಕೈಮುಗಿದ. ಎಡವಟ್ಟಿಗೆ ಈ ಸಲ ಜಾಗವೇ ಇರಲಿಲ್ಲ. ಜರ್ಮನಿಯ ಸ್ಟುಟ್‌ಗಾರ್ಟಿನ ಆ ಇಳಿಜಾರಿನ ಮನೆಯಲ್ಲಿ ಗ್ಯಾರೇಜ್ ಇದ್ದದ್ದು ಕೆಳಮನೆಯ ಮುದುಕಿ ಫ್ರೌ, ಅಂದರೆ ಶ್ರೀಮತಿ, ಹೇಬರ್ಲೆಗೆ ಮಾತ್ರ. ಆಕೆ ಒಂದು ಮೂಲೆ ಕೊಡಲು ಒಪ್ಪಿದ್ದಳು. ಷರತ್ತು ಒಂದೇ: ಅಂಗಳದಲ್ಲಿ ಹನಿ ಎಣ್ಣೆ ಕಂಡರೂ ಬೈಕ್ ಬೀದಿಗೆ, ಹಿಮದ ಪಾಲಿಗೆ!

ಚಳಿಗಾಲವಿಡೀ ಓಡಿಸದೆ ನಿಲ್ಲಿಸುವ ಬೈಕು ಕೆಡದಿರಲೆಂದು ತಿರುಮಲೇಶ ಟ್ಯಾಂಕ್ ತುಂಬಿಸಿದ, ಬ್ಯಾಟರಿ ಬಿಚ್ಚಿಟ್ಟ. ಉಳಿದದ್ದು ಜಿಡ್ಡು ಮೆತ್ತಿದ ಚೈನು.

"ಚೈನ್ ಕ್ಲೀನರ್ ತಂದ್ಬಿಡ್ತೀನಿ ನಿರೂ."

"ಬೇಡ! ಎಣ್ಣೆಸ್ನಾನದ ಜಿಡ್ಡು ತೆಗೆಯೋಕೆ ನಿಮ್ಮಮ್ಮ ಏನು ಹಾಕ್ತಿದ್ರು?"

"ಸೀಗೆಪುಡಿ. ಆದ್ರೆ ಅದು ನನ್ನ ತಲೆಗೆ!"

"ಜಿಡ್ಡಿಗೆ ಅದು ತಲೆನೋ ಚೈನೋ ಅಂತ ಗೊತ್ತಾಗುತ್ತಾ? ಸುಮ್ನೆ ಬ್ರಷ್ ತನ್ನಿ!"

ಮೈಸೂರಿನಿಂದ ತಂದ ಪುಡಿಯಷ್ಟೂ ಬಕೆಟ್ಟಿಗೆ ಬಿತ್ತು. ತಿರುಮಲೇಶ ತಂದದ್ದು ಶೂ ಪಾಲಿಶ್ ಬ್ರಷ್! ಸಿಟ್ಟಿನಲ್ಲಿ ಗರ್ರನೆ ತಿರುಗಿದ ನಿರುಪಮಾಳ ಕಾಲು ಬಕೆಟ್ಟಿಗೇ ಬಡಿಯಿತು. ಇನ್ನೂ ಚೈನನ್ನೇ ಕಾಣದ ಸೀಗೆನೀರು ಅರ್ಧಕ್ಕರ್ಧ ಚೆಲ್ಲಿ, ಕಂದುಬಣ್ಣದ ಗಂಗೆಯಾಗಿ ಅಂಗಳವಿಡೀ ಹರಿದು, ಹೇಬರ್ಲೆಯ ಗುಲಾಬಿ ಪಾತಿಗೆ ಅಭಿಷೇಕ ಮಾಡಿತು.

ಕೆಳಮನೆಯ ಕಿಟಕಿ ತೆರೆಯಿತು. "ಎಣ್ಣೆ! ಎಣ್ಣೆ!"

"ಎಣ್ಣೆಯಲ್ಲ! ಇದು ತಲೆ ತೊಳೆಯುವ ಕಾಯಿ!" ನಿರುಪಮಾಳೂ ಜರ್ಮನ್ನಿನಲ್ಲೇ ಗುಡುಗಿದಳು.

"ತಲೆ ತೊಳೆಯುವುದನ್ನು ಯಾರಾದರೂ ಬೈಕಿಗೆ ಹಾಕುತ್ತಾರೆಯೇ?"

ಡಾಕ್ಟರೇಟಿನ ಬಳಿ ಬಕೆಟ್ ಇತ್ತು. ಮುದುಕಿಯ ಬಳಿ ಫೋನ್ ಇತ್ತು.

ಎಣ್ಣೆ ಚೆಲ್ಲಿದರೂ ಅಲ್ಲಿ ಓಡಿಬರುವುದು ಅಗ್ನಿಶಾಮಕ ದಳವೇ; ಕೆಂಪು ಗಾಡಿ ಬಂತು. ಹೆಲ್ಮೆಟ್ ಧರಿಸಿದ ಇಬ್ಬರು ವೀರರು ಎಣ್ಣೆ ಹೀರುವ ಪುಡಿಯ ಮೂಟೆ ಇಳಿಸಿದರು. ನಿರುಪಮಾ ಗಿಡದ ಕುಲಗೋತ್ರದಿಂದ ಹಿಡಿದು ನೊರೆಯ ರಸಾಯನಶಾಸ್ತ್ರದವರೆಗೆ ಪಾಠ ಒಪ್ಪಿಸಿದಳು. ಅವರು ಗಂಭೀರವಾಗಿ ತಲೆಯಾಡಿಸಿ ಮೂಟೆಯ ಬಾಯಿ ಬಿಚ್ಚಿದರು!

ನಿರುಪಮಾಳ ಪಿತ್ತ ನೆತ್ತಿಗೇರಿತು. ಅದೇ ನೆತ್ತಿಯ ಮೇಲೆ, "ಎಣ್ಣೆಯಂತೆ ಎಣ್ಣೆ! ನೋಡಿ!" ಎಂದು ಬಕೆಟ್ಟಿನಲ್ಲಿ ಉಳಿದದ್ದನ್ನು ಸುರಿದುಕೊಂಡೇಬಿಟ್ಟಳು!

ನವೆಂಬರ್ ಗಾಳಿ ಬೀಸಿತು. ಹಲ್ಲು ಕಟಕಟ. ಆದರೂ ಬಿಡದೆ ಗಸಗಸ ತಿಕ್ಕಿದಳು. ನೊರೆ ಎದ್ದಿತು. ಒಬ್ಬ ವೀರ ನೊರೆ ಮುಟ್ಟಿ, ಮೂಸಿ, ಮೂಟೆ ಹೊತ್ತು ಗಾಡಿ ಹತ್ತಿದ. ಬೀದಿಯ ಕಿಟಕಿಗಳಲ್ಲೆಲ್ಲ ಮುಖಗಳು.

"ನಿರೂ, ಕಿವಿ ಹಿಂದೆ ಸ್ವಲ್ಪ ಉಳೀತು," ಎಂದ ತಿರುಮಲೇಶ.

"ನೀವು ಒಳಗೆ ಬನ್ನಿ, ನಿಮಗಿದೆ!"

ಸಂಜೆ ಕರೆಗಂಟೆ ಸದ್ದು ಮಾಡಿತು. ನಿರುಪಮಾ ಕಂಬಳಿ ಹೊದ್ದು, ಸೀನುತ್ತ, ಯುದ್ಧಸನ್ನದ್ಧಳಾಗಿ ಬಾಗಿಲು ತೆರೆದಳು. ಹೇಬರ್ಲೆ ಗ್ಯಾರೇಜಿನ ಬೀಗದಕೈ ಮುಂದೆ ಹಿಡಿದಳು.

"ಬೈಕ್ ಒಳಗಿಡಿ. ಎಣ್ಣೆಯಲ್ಲವಂತೆ."

ನಿರುಪಮಾಳ ಕತ್ತು ನೆಟ್ಟಗಾಯಿತು.

"ನಿಮ್ಮ ಕೂದಲು ಎಷ್ಟು ಹೊಳೆಯುತ್ತಿದೆ! ಆ ಪುಡಿ ನನಗೂ ತರಿಸಿಕೊಡಿ."

ಕತ್ತು ಇನ್ನಷ್ಟು ನೆಟ್ಟಗಾಯಿತು.

ಮುದುಕಿ ದನಿ ತಗ್ಗಿಸಿದಳು. "ಒಂದೇ ಸಂಶಯ, ಫ್ರೌ ಡಾಕ್ಟರ್. ಅದನ್ನು ಹಚ್ಚಿಕೊಳ್ಳುವಾಗ ಅಗ್ನಿಶಾಮಕದವರು ಇರಲೇಬೇಕೋ, ಬಾತ್‌ರೂಮಿನಲ್ಲಿ ಒಬ್ಬಳೇ ಹಚ್ಚಿಕೊಂಡರೂ ನಡೆಯುತ್ತದೋ?"